ಒಬ್ಬಂಟಿ ಕಾಯಕದವರ ನಿತ್ಯನೇಮ

ಹತ್ತು ಜನರು ಕೂಡಿ ನಡೆಯಿಸುವ ಉದ್ಯೋಗದಲ್ಲಿ ಒಬ್ಬನ ಆಲಸ್ಯವು ಇನ್ನೊಬ್ಬನ ಕಣ್ಣಿಗೆ ಬೀಳದೆ ಇರದು. ಧಣಿಯು ಆಳನ್ನು ಎಚ್ಚರಿಸುವನು. ಆಳು ಬಾರದ ದಿನ ಜೊತೆಗಾರನು ಹೋಗಿ ಕರೆತರುವನು. ಆದರೆ ಧಣಿಯೂ ತಾನೇ, ಆಳೂ ತಾನೇ, ಕರಣಿಕನೂ ತಾನೇ ಆಗಿ ಕಸುಬು ನಡೆಯಿಸುವವನು ಹೊತ್ತು ಮೀರಿ ಎದ್ದರೆ ಕೇಳುವವರಿಲ್ಲ. ತೂಕದಲ್ಲಿ ಕೈ ಜಾರಿದರೆ ನೋಡುವವರಿಲ್ಲ. ಹಗಲಿರುಳು ದುಡಿದು ದೇಹವನ್ನು ಸವೆಯಿಸಿಕೊಂಡರೆ ಸಾಕು ಎನ್ನುವವರೂ ಇಲ್ಲ. ಇಂಥವನು ಸದಾಚಾರದಲ್ಲಿ ಸ್ಥಿರವಾಗಿ ನಿಲ್ಲುವದು ಹೇಗೆ? ಹನ್ನೆರಡನೆಯ ಶತಮಾನದ ಕಲ್ಯಾಣಪಟ್ಟಣದಲ್ಲಿ ಈ ಪ್ರಶ್ನೆಯು ಹಗ್ಗ ಹೊಸೆಯುವವರ, ಕಟ್ಟಿಗೆ ಮಾರುವವರ, ಅಕ್ಕಿ ಆಯುವವರ ಮನೆಯಂಗಳದಲ್ಲಿ ಹುಟ್ಟಿ, ಅಲ್ಲಿಂದ ಅನುಭವಮಂಟಪದ ಗೋಷ್ಠಿಗೆ ಬಂದಿತು.

ಆ ಕಾಲದ ಕನ್ನಡನಾಡಿನಲ್ಲಿ ವ್ಯಾಪಾರವು ಬಹು ವಿಸ್ತಾರವಾಗಿತ್ತು. ಅಯ್ಯಾವೊಳೆಯ ಐನೂರ್ವರ ಹೆಸರು ದೇಶಾಂತರಗಳಲ್ಲಿಯೂ ಪ್ರಸಿದ್ಧವಾಗಿತ್ತು. ಗಾಣದವರಿಗೆ ತೆಲ್ಲಿಗರೈವತ್ತೊಕ್ಕಲು ಎಂಬ ಕೂಟವಿತ್ತು. ಎಲೆಯ ತೋಟದವರಿಗೆ ಉಗುರಮುನ್ನೂರ್ವರ ಕೂಟವಿತ್ತು. ಈ ಸಮೂಹಗಳು ಗಾಣಕ್ಕೆ ಇಷ್ಟು ಎಣ್ಣೆ, ಹೇರಿಗೆ ಇಷ್ಟು ಎಲೆ ಎಂದು ತಮ್ಮೊಳಗೆ ನಿರ್ಣಯಿಸಿ ದೇವರಿಗೆ ಬಿಟ್ಟ ದತ್ತಿಗಳನ್ನು ಶಿಲಾಶಾಸನಗಳು ಸಾರುವವು. ನಾಣ್ಯದ ಲೆಕ್ಕವೂ ಅಷ್ಟೇ ಬಿಗಿಯಾದುದು: ನಾಲ್ಕು ಹಾಗಕ್ಕೆ ಒಂದು ಪಣ, ಹದಿನಾರು ವೀಸಕ್ಕೆ ಒಂದು ಪಣ. ಕೂಟಕ್ಕೆ ಸೇರಿದ ವ್ಯಾಪಾರಿಗೆ ಕೂಟದ ಕಟ್ಟಳೆಯೇ ಕಾವಲುಗಾರನು. ಆದರೆ ಕೆರೆಯ ದಂಡೆಯಲ್ಲಿ ಹುಲ್ಲು ಕೊಯ್ದು ಹಗ್ಗ ಮಾಡಿ ಮಾರುವವನಿಗೂ, ಕೂಲಿಗೆ ಬತ್ತ ಕುಟ್ಟುವವಳಿಗೂ ಅಂಥ ಕೂಟದ ಆಸರೆ ಎಲ್ಲಿಯದು? ಅರ್ಜುನವಾಡದ ೧೨೬೦ನೆಯ ಇಸವಿಯ ಶಾಸನವು ಬಸವೇಶ್ವರರ ಮನೆತನವನ್ನು ಹೇಳುವದು. ಹಗ್ಗ ಮಾರಿದವರ ದಿನದ ಲೆಕ್ಕವನ್ನು ಕಲ್ಲಿನಲ್ಲಿ ಬರೆಯಿಸುವ ಪದ್ಧತಿಯಿರಲಿಲ್ಲ. ಅದು ಉಳಿದುದು ಅವರ ವಚನಗಳಲ್ಲಿ ಮಾತ್ರ.

ಆ ವಚನಗಳೂ ಬಹುಕಾಲ ತಾಳೆಯೋಲೆಯ ಕಟ್ಟುಗಳೊಳಗೇ ಅಡಗಿದ್ದವು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯಗಳು ಶೂನ್ಯಸಂಪಾದನೆಯನ್ನು ಸಂಕಲಿಸಿದರು. ತರುವಾಯದವರು ಅದನ್ನು ಪರಿಷ್ಕರಿಸಿ ಬೆಳೆಯಿಸಿದರು. ಗೂಳೂರ ಸಿದ್ಧವೀರಣ್ಣೊಡೆಯರ ಪಾಠದಲ್ಲಿ ಆಯ್ದಕ್ಕಿ ಮಾರಯ್ಯಗಳ ಹಾಗೂ ನುಲಿಯ ಚಂದಯ್ಯಗಳ ಪ್ರಸಂಗಗಳು ವಿಸ್ತಾರವಾಗಿ ಬಂದಿವೆ. ೧೯೨೩ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದ ಮೇಲೆ ಜನಸಾಮಾನ್ಯರಿಗೆ ವಚನಗಳ ಬಾಗಿಲು ತೆರೆಯಿತು. ೧೯೯೩ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಸಂಪುಟಗಳು ೧೫ನ್ನು ಪ್ರಕಟಿಸಿದಾಗ ಒಂದೇ ಒಂದು ವಚನವನ್ನು ಬಿಟ್ಟುಹೋದ ಕಾಯಕದವರೂ ಬೆಳಕಿಗೆ ಬಂದರು. ಶೂನ್ಯಸಂಪಾದನೆಯ ಪ್ರಸಂಗಗಳು ಶರಣರ ಕಾಲಕ್ಕೆ ಶತಮಾನಗಳ ತರುವಾಯ ಹೆಣೆಯಲ್ಪಟ್ಟವಾದುದರಿಂದ ಅವುಗಳೊಳಗಿನ ಪವಾಡಗಳನ್ನು ಭಕ್ತಿಯಿಂದ ಕೇಳಬಹುದು. ಇತಿಹಾಸಕ್ಕೆ ಬೇಕಾದುದು ಅವುಗಳ ಒಳಗೆ ಹುದುಗಿರುವ ನಡಾವಳಿಯು. ಆ ನಡಾವಳಿಗೆ ವಚನಗಳೇ ಸಾಕ್ಷಿ ನುಡಿಯುವವು.

ಮಾರಯ್ಯಗಳೂ ಅವರ ಸತಿ ಲಕ್ಕಮ್ಮನವರೂ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರ ಬಳಿಯ ಅಮರೇಶ್ವರದ ಕಡೆಯವರು. ಇಬ್ಬರ ವಚನಾಂಕಿತದಲ್ಲಿಯೂ ಆ ಅಮರೇಶ್ವರಲಿಂಗನ ಹೆಸರೇ ಇದೆ. ಕಲ್ಯಾಣಕ್ಕೆ ಬಂದ ಮೇಲೆ ಮಾರಯ್ಯಗಳ ಕಾಯಕವು, ಬಸವೇಶ್ವರರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು. ಇದಕ್ಕಿಂತ ಸಣ್ಣ ಉದ್ಯೋಗವನ್ನು ಊಹಿಸುವದು ಕಷ್ಟ. ಮೂಲಧನವಿಲ್ಲ, ಸಲಕರಣೆಯಿಲ್ಲ, ಒಂದು ಚೀಲ ಮಾತ್ರ. ಆಯ್ದು ತಂದುದನ್ನು ಲಕ್ಕಮ್ಮನವರು ಅಡಿಗೆ ಮಾಡಿ ಜಂಗಮಕ್ಕೆ ನೀಡಿ ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವರು. ನಾಳೆಗೆ ಏನೂ ಇಲ್ಲ; ನಾಳೆಗೆ ನಾಳೆಯ ಕಾಯಕವಿದೆ.

ಒಂದು ದಿನ ಮಾರಯ್ಯಗಳು ಅಲ್ಲಮಪ್ರಭುಗಳ ಸನ್ನಿಧಿಯಲ್ಲಿ ಶಿವಾನುಭವದ ಮಾತುಗಳಲ್ಲಿ ಮೈಮರೆತು ಕುಳಿತರು. ಹೊತ್ತು ಏರಿತು. ಆಗ ಲಕ್ಕಮ್ಮನವರು ಬಂದು, ಕಾಯಕವು ನಿಂತುಹೋಗಿದೆಯೆಂದು ಪತಿಯನ್ನು ಎಚ್ಚರಿಸಿದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಮಾರಯ್ಯಗಳು ಜೂಜಾಡುತ್ತ ಕುಳಿತಿರಲಿಲ್ಲ, ನಿದ್ರೆ ಹೋಗಿರಲಿಲ್ಲ, ಸತ್ಪುರುಷರ ಸಂಗದಲ್ಲಿದ್ದರು. ನೇಮವು ಕೆಟ್ಟ ಕಾರಣದಿಂದ ತಪ್ಪಿದರೆ ಮನಸ್ಸೇ ಚುಚ್ಚುವದು; ಒಳ್ಳೆಯ ಕಾರಣದಿಂದ ತಪ್ಪಿದರೆ ಮನಸ್ಸು ತಾನೇ ವಕೀಲನಾಗಿ ನಿಲ್ಲುವದು. ಒಂಟಿಯಾಗಿ ದುಡಿಯುವವರ ನೇಮವು ಮುರಿಯುವದು ಹೆಚ್ಚಾಗಿ ಈ ಎರಡನೆಯ ದಾರಿಯಿಂದಲೇ. ಊರ ಜಾತ್ರೆ, ಬೀಗರ ಮನೆಯ ಕಾರ್ಯ, ಮಠದ ಪುರಾಣ, ಯಾವುದನ್ನೂ ಬೇಡವೆನ್ನಲಾಗದು. ಅಂಗಡಿಯ ಕದ ಮಾತ್ರ ಮುಚ್ಚಿಯೇ ಇರುವದು.

ಎಚ್ಚರಗೊಂಡ ಮಾರಯ್ಯಗಳು ತ್ವರೆಯಿಂದ ಹೋಗಿ ಅಕ್ಕಿಯನ್ನು ಆಯ್ದು ತಂದರು. ಆದರೆ ಆ ದಿನ ತಂದುದು ನಿತ್ಯದ ಪ್ರಮಾಣಕ್ಕಿಂತ ಹೆಚ್ಚಾಗಿತ್ತು. ತಪ್ಪಿದ ಹೊತ್ತನ್ನು ತುಂಬಿಕೊಡಬೇಕೆಂಬ ಆತುರವೋ, ನಾಳೆಗೊಂದಿಷ್ಟು ಇರಲೆಂಬ ಬುದ್ಧಿಯೋ, ಅಂತೂ ಚೀಲ ಭಾರವಾಯಿತು. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ದೊರೆಗಳಿಗೆ ಸಲ್ಲುವ ಆಸೆಯು ಶಿವಭಕ್ತರಿಗೆ ಸಲ್ಲದೆಂದು ಹೇಳಿ, ಹೆಚ್ಚಿನದನ್ನು ಎಲ್ಲಿಂದ ತಂದರೋ ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದರು. ಮುಂದೆ ಆ ಅಳತೆಯ ಅಕ್ಕಿಯಿಂದಲೇ ಬಸವಾದಿ ಪ್ರಮಥರಿಗೆಲ್ಲ ಅವರು ಉಣಬಡಿಸಿದರೆಂಬ ಕಥೆಯು ಎಲ್ಲ ಭಕ್ತರೂ ಕೇಳಿದುದೇ.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಲಕ್ಕಮ್ಮನವರ ನಿರಾಸೆಯನ್ನು ಕೊಂಡಾಡಿ ಮುಗಿಸುವರು. ನಿರಾಸೆಯು ದೊಡ್ಡದೇ. ಆದರೆ ಕಥೆಯ ಕಟ್ಟಡವನ್ನು ನೋಡಿದರೆ ಅದರ ಮೊದಲರ್ಧವೂ ಉತ್ತರಾರ್ಧವೂ ಒಂದೇ ತಕ್ಕಡಿಯ ಎರಡು ಪರಡಿಗಳಂತಿವೆ. ಕಡಿಮೆ ದುಡಿದುದೂ ತಪ್ಪು. ಆ ತಪ್ಪನ್ನು ಹೆಚ್ಚು ದುಡಿದು ಸರಿಗಟ್ಟಲು ಹೋದುದೂ ತಪ್ಪು. ಇಂದು ವೇದಿಕೆಗಳ ಮೇಲೆ ಕಾಯಕವೆಂಬ ಶಬ್ದವನ್ನು ಬಳಸುವವರು ದುಡಿಮೆಯ ಅರ್ಥವನ್ನಷ್ಟೇ ಹೇಳಿ ಅಳತೆಯ ಅರ್ಥವನ್ನು ಬಿಟ್ಟುಬಿಡುವದರಿಂದ, ಶರಣರೆಂದರೆ ಬಿಡುವಿಲ್ಲದೆ ಬೆವರು ಸುರಿಸಿದವರೆಂಬ ಅರ್ಧಸತ್ಯವು ಹಬ್ಬಿದೆ. ಹಾಗಿದ್ದರೆ ಅನುಭವಮಂಟಪಕ್ಕೆ ಬಂದು ಕೂಡಲು ಅವರಿಗೆ ಹೊತ್ತೆಲ್ಲಿಯದು? ದಿನದ ಅಳತೆ ಮುಗಿದೊಡನೆ ಕೈ ನಿಲ್ಲುತ್ತಿತ್ತು. ಆದುದರಿಂದಲೇ ಸಂಜೆಯ ಹೊತ್ತು ಗೋಷ್ಠಿಗೆ ಮಿಕ್ಕುತ್ತಿತ್ತು.

ಲಕ್ಕಮ್ಮನವರ ಸ್ಥಾನವನ್ನೂ ಇಲ್ಲಿ ತಿಳಿದುಕೊಳ್ಳಬೇಕು. ಅಕ್ಕಿ ಆಯುವವರು ಮಾರಯ್ಯಗಳು ಒಬ್ಬರೇ. ಲಕ್ಕಮ್ಮನವರು ಆ ಕೆಲಸದಲ್ಲಿ ಕೈಗೂಡಿಸದೆ, ಬಂದುದರ ಅಳತೆಯನ್ನು ಮಾತ್ರ ಪ್ರತಿದಿನವೂ ನೋಡುವರು. ಒಬ್ಬನೇ ನಡೆಯಿಸುವ ಕಸುಬಿಗೆ ಬೇಕಾದ ಸಾಕ್ಷಿ ಇದೇ. ಆ ಸಾಕ್ಷಿಯು ದುಡಿಯುವವನಿಗಿಂತ ಮೇಲಿನ ಅಧಿಕಾರಿಯಾಗಿರಬೇಕೆಂದಿಲ್ಲ. ಅಳತೆಯನ್ನು ಬಲ್ಲವರಾಗಿದ್ದು, ಮೋರೆ ನೋಡಿ ಮಾತು ನುಂಗದವರಾಗಿದ್ದರೆ ಸಾಕು.

ನುಲಿಯ ಚಂದಯ್ಯಗಳು ವಿಜಾಪುರ ಸೀಮೆಯ ಶಿವಣಗಿಯವರೆಂದು ಪ್ರತೀತಿ. ಇವರ ವಚನಗಳು ೪೮ ದೊರೆತಿವೆ. ಹುಲ್ಲು ಕೊಯ್ದು, ಒಣಗಿಸಿ, ಎಳೆ ಹಿಡಿದು ಹೊಸೆದು, ಹಗ್ಗವನ್ನೂ ಕಣ್ಣಿಯನ್ನೂ ಮಾಡಿ ಮಾರುವದು ಇವರ ಕಾಯಕವು. ಆರಂಭದಿಂದ ಕೊನೆಯ ವರೆಗೆ ಒಂದೇ ಕೈ. ಒಂದು ದಿನ ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಚಂದಯ್ಯಗಳು ಅದಕ್ಕಾಗಿ ನಿಲ್ಲದೆ ಹುಲ್ಲಿನ ಹೊರೆಯೊಂದಿಗೆ ಹೊರಟರು. ಲಿಂಗದೇವನೇ ಬೆನ್ನಟ್ಟಿ ಬಂದನು. ಮಡಿವಾಳ ಮಾಚಯ್ಯಗಳು ನಡುವೆ ಬಂದು ಬುದ್ಧಿ ಹೇಳಬೇಕಾಯಿತು ಎಂಬುದು ಶೂನ್ಯಸಂಪಾದನೆಯ ಕಥೆ. ಕೇಳಿದವರಿಗೆ ಇದು ಅತಿಯೆಂದು ತೋರಬಹುದು. ಪ್ರಭುದೇವರಿಗೂ ಪ್ರಶ್ನೆಯು ಬಂದಿತು. ಕಾಯಕದ ಮೇಲಿನ ಮೋಹವೂ ಒಂದು ಮೋಹವಲ್ಲವೇ ಎಂಬ ಅಭಿಪ್ರಾಯದಿಂದ ಅವರು ಚಂದಯ್ಯಗಳನ್ನು ಪರೀಕ್ಷಿಸಿದರು. ಗುರುವಾಗಲಿ ಲಿಂಗವಾಗಲಿ ಜಂಗಮವಾಗಲಿ ಕಾಯಕಕ್ಕೆ ಹೊರತಲ್ಲವೆಂಬುದು ಚಂದಯ್ಯಗಳ ನಿಲುಮೆ.

ಇದೇ ಪ್ರಸಂಗದ ಉಳಿದ ಭಾಗವು ವ್ಯಾಪಾರದ ದೃಷ್ಟಿಯಿಂದ ಇನ್ನೂ ಮಹತ್ವದ್ದು. ಹಗ್ಗ ಮಾರಲು ಹೋದ ಲಿಂಗದೇವನಿಗೆ ಬಸವೇಶ್ವರರು ಭಕ್ತಿಯಿಂದ ಸಾವಿರ ಹೊನ್ನನ್ನು ಕೊಟ್ಟರು. ಸಂತೋಷಪಡಬೇಕಾದ ಚಂದಯ್ಯಗಳು ಸಿಟ್ಟಾದರು. ಹಗ್ಗದ ನಡೆಯುವ ಬೆಲೆಗೆ ಮೀರಿದುದು ತಮಗೆ ಬೇಡವೆಂದರು. ಕೊಟ್ಟವರು ಕಳ್ಳರಲ್ಲ, ಕೊಟ್ಟುದು ಲಂಚವಲ್ಲ; ಪ್ರಧಾನಿಯು ಪ್ರೀತಿಯಿಂದ ಕೊಟ್ಟ ಹಣ. ಹಾಗಾದರೂ ಅದನ್ನು ಮುಟ್ಟದಿರಲು ಕಾರಣವೇನು? ಉತ್ತರವು ಅವರ ವಚನದಲ್ಲಿಯೇ ಸಿಗುವದು. ನೇಮದ ಕೂಲಿಯೆಂಬ ಮಾತನ್ನು ಅವರು ಬಳಸಿದ್ದಾರೆ: ಕಟ್ಟಳೆಯಾದ ಗಳಿಕೆ, ಆಯಾ ದಿನದ ನಿತ್ಯನೇಮದಲ್ಲಿಯೇ ಸಂದುಹೋಗಬೇಕಾದ ಗಳಿಕೆ. ಅದನ್ನು ಬಿಟ್ಟು ಹೊನ್ನಿನ ಆಸೆಗೆ ಹೋದವನ ಸೇವೆಯೆಲ್ಲವೂ ವ್ಯರ್ಥವೆಂಬುದು ಅವರ ತೀರ್ಪು. ಹಗ್ಗಕ್ಕೆ ಒಂದು ದಿನ ಸಾವಿರ ಹೊನ್ನು ಬಂದರೆ ಮರುದಿನ ಹಾಗಕ್ಕೆ ಮಾರುವ ಕೈಗೆ ಉತ್ಸಾಹವೆಲ್ಲಿ? ಮಹಾಮನೆಯ ಬಾಗಿಲಿನಲ್ಲಿ ದೊಡ್ಡ ಬೆಲೆ ಸಿಕ್ಕುವದೆಂದು ತಿಳಿದ ಮೇಲೆ, ಎತ್ತಿಗೆ ಕಣ್ಣಿ ಕೊಳ್ಳಲು ಬಂದ ಒಕ್ಕಲಿಗನಿಗೆ ಎಳೆಯನ್ನು ಬಿಗಿಯಾಗಿ ಹೊಸೆದು ಕೊಡುವ ಶ್ರದ್ಧೆಯು ಉಳಿಯುವದೇ? ಉದಾರಿಯಾದ ಗಿರಾಕಿಯು ಬಡ ಕಸುಬಿನವನ ಶೀಲಕ್ಕೆ ಎಷ್ಟು ದೊಡ್ಡ ಅಪಾಯವೆಂಬುದನ್ನು ಚಂದಯ್ಯಗಳಷ್ಟು ಸ್ಪಷ್ಟವಾಗಿ ಕಂಡವರು ವಿರಳ.

ಸ್ತ್ರೀಯರಲ್ಲಿಯೂ ಇಂಥ ಕಾಯಕದವರು ಹಲವರು. ಜಂಬೂರ ಸತ್ಯಕ್ಕನವರು ಅಂಗಳ ಗುಡಿಸುವ ಕಾಯಕದವರೆಂದು ಪ್ರತೀತಿ. ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಕೈಯೆತ್ತಿ ಮುಟ್ಟದಿರುವದು ಅವರ ಪ್ರತಿಜ್ಞೆ. ಬಿದ್ದುದನ್ನು ಆಯುವದೇ ಮಾರಯ್ಯಗಳ ಕಾಯಕ, ಬಿದ್ದುದನ್ನು ಮುಟ್ಟದಿರುವದೇ ಸತ್ಯಕ್ಕನವರ ನೇಮ! ಪೊರಕೆ ಹಿಡಿದವಳ ಕೈಗೆ ಪ್ರಲೋಭನೆಯು ಯಾವ ಹಾದಿಯಿಂದ ಬರುವದೋ ಆ ಹಾದಿಗೇ ಅವರು ಬೇಲಿ ಹಾಕಿಕೊಂಡರು. ಪ್ರತಿಯೊಬ್ಬರ ನೇಮವೂ ಅವರವರ ಕಸುಬಿನ ಒಳಗಿನಿಂದಲೇ ಹುಟ್ಟಿದುದೆಂಬುದಕ್ಕೆ ಇದು ಪ್ರಮಾಣ. ಕದಿರ ರೆಮ್ಮವ್ವೆಯವರು ರಾಟಿಯ ಅಂಗಾಂಗಗಳಲ್ಲಿಯೇ ತತ್ವವನ್ನು ಕಂಡರು. ಕೊಟ್ಟಣದ ಸೋಮಮ್ಮನವರದು ಒಂದೇ ವಚನವು ಉಳಿದಿದೆ. ಬತ್ತವನ್ನು ಹದ ತಪ್ಪಿ ಕುಟ್ಟಿದರೆ ಕೈಗೆ ನುಚ್ಚು ಬರುವದೆಂಬ ತಮ್ಮ ಒನಕೆಯ ಅನುಭವವನ್ನು ಅವರು ವ್ರತಹೀನನ ಬಾಳಿಗೆ ಹೋಲಿಸಿದ್ದಾರೆ. ಪೆಟ್ಟು ಕಡಿಮೆಯಾದರೆ ಹೊಟ್ಟು ಬಿಡದು, ಹೆಚ್ಚಾದರೆ ಕಾಳು ಒಡೆಯುವದು. ಕುಟ್ಟುವವಳು ಪ್ರತಿ ಪೆಟ್ಟಿಗೂ ಲೆಕ್ಕ ಹಾಕುತ್ತ ಕೂಡಲಾರಳು. ಬಹುದಿನದ ರೂಢಿಯಿಂದ ತೋಳೇ ಹದವನ್ನು ತಿಳಿದಿರಬೇಕು.

ಶರಣರ ಈ ಪದ್ಧತಿಯನ್ನು ಇಡಿಯಾಗಿ ಇಂದಿನ ಬಾಳಿಗೆ ತರುವದು ಸುಲಭವೆಂದು ಹೇಳಿದರೆ ಅದು ಮುಖಸ್ತುತಿಯಾದೀತು. ಅಂಗಡಿಯ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಬೇನೆಬಿದ್ದರೆ ಔಷಧದ ವೆಚ್ಚ ಇವನ್ನು ಹೊತ್ತ ಒಂಟಿ ದರ್ಜಿಯೋ ಕಿರಾಣಿಯವನೋ ಪ್ರತಿರಾತ್ರಿಯೂ ಪೆಟ್ಟಿಗೆಯನ್ನು ಬರಿದು ಮಾಡಲಾರನು. ಮಾರಯ್ಯಗಳ ಬೆನ್ನಿಗೆ ಮಹಾಮನೆಯ ದಾಸೋಹವಿತ್ತು. ಒಂದು ದಿನ ಮೈಗೆ ಆಗದಿದ್ದರೂ ಹಸಿದು ಮಲಗುವ ಭಯವಿರಲಿಲ್ಲ. ಈ ವ್ಯತ್ಯಾಸವನ್ನು ಮರೆತು ಬಡ ಕಸುಬಿನವರಿಗೆ ನಿರಾಸೆಯನ್ನು ಉಪದೇಶಿಸುವದು ನ್ಯಾಯವಲ್ಲ. ಆದರೆ ದಿನಕ್ಕೊಂದು ಅಳತೆಯನ್ನು ಇಟ್ಟುಕೊಂಡು, ಅದು ಮುಗಿದೊಡನೆ ಕದ ಹಾಕಿ, ಅಂದಿನ ಕೊಡುಕೊಳ್ಳುವ ಲೆಕ್ಕವನ್ನು ಅಂದೇ ತೀರಿಸಿ, ಮನೆಯಲ್ಲೊಬ್ಬರಿಗೆ ಅದನ್ನು ತೋರಿಸುವದಕ್ಕೆ ಮಹಾಮನೆಯ ಆಸರೆ ಬೇಕಿಲ್ಲ.

ಬಿಜ್ಜಳನು ಕ್ರಿ. ಶ. ೧೧೬೨ರ ಸುಮಾರಿಗೆ ಚಾಲುಕ್ಯರ ಗದ್ದುಗೆಯನ್ನು ತನ್ನದಾಗಿಸಿಕೊಂಡಿದ್ದನು. ೧೧೬೭ರ ಸುಮಾರಿಗೆ ಅವನ ಆಳಿಕೆಯು ಕೊನೆಗೊಂಡಿತು. ಆ ವಿಪ್ಲವದಲ್ಲಿ ಕಲ್ಯಾಣವು ಚೆದುರಿತು. ಅರಮನೆಯ ಭಂಡಾರ ಅರಮನೆಯಲ್ಲಿಯೇ ಉಳಿಯಿತು. ಮಹಾಮನೆಯ ಪಂಕ್ತಿಗಳು ನಿಂತವು. ಚನ್ನಬಸವಣ್ಣನವರೂ ಅವರೊಂದಿಗಿದ್ದ ಶರಣರೂ ಉಳವಿಯ ಅಡವಿಯ ಕಡೆಗೆ ನಡೆದರು. ಆ ಗುಂಪಿನಲ್ಲಿ ಚಂದಯ್ಯಗಳೂ ಇದ್ದರೆಂದು ಐತಿಹ್ಯವಿದೆ. ಕಲ್ಯಾಣದಲ್ಲಿ ಅವರು ಬಿಟ್ಟುಬರಬೇಕಾದ ಆಸ್ತಿಯೇನೂ ಇರಲಿಲ್ಲ. ಹಾದಿಯ ಕೆರೆಗಳ ದಂಡೆಯಲ್ಲಿ ಹುಲ್ಲು ಬೆಳೆದಿತ್ತು. ಹಳ್ಳಿಗಳಲ್ಲಿ ಎತ್ತು ಕಟ್ಟುವವರಿಗೆ ಕಣ್ಣಿ ಬೇಕಾಗಿತ್ತು.