ತಂತ್ರಾಂಶ ಸಂಶೋಧನೆ: ವಿಶ್ವವಿದ್ಯಾಲಯ, ಕಂಪನಿ ಮತ್ತು ತಾಲ್ಲೂಕು ಕಚೇರಿ

ಹಿನ್ನೆಲೆ

ತಂತ್ರಾಂಶ ಬರೆಯುವುದು ಒಂದು ಕೆಲಸ. ಅದನ್ನು ತಪ್ಪು ಕಡಿಮೆಯಿರುವಂತೆ, ಹೇಳಿದ ಸಮಯಕ್ಕೆ, ಮುಂದೆ ಬೇರೆಯವರೂ ತಿದ್ದಿ ನಡೆಸುವಂತೆ ಬರೆಯುವುದು ಹೇಗೆಂದು ಅಧ್ಯಯನ ಮಾಡುವುದು ಇನ್ನೊಂದು ಕೆಲಸ. ಈ ಎರಡನೆಯದನ್ನು ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಶೋಧನೆ ಎನ್ನುತ್ತಾರೆ. ಲಕ್ಷಾಂತರ ಸಾಲುಗಳ ಕೋಡ್, ನೂರಾರು ಜನ ಸೇರಿ ನಡೆಸುವ ಯೋಜನೆ, ಬಳಕೆದಾರರ ದೂರುಗಳು ಕಂಪನಿಗಳಲ್ಲಿವೆ. ಅವನ್ನು ಅಳೆದು ತೂಗುವ ವಿಧಾನವೂ ವ್ಯವಧಾನವೂ ವಿಶ್ವವಿದ್ಯಾಲಯಗಳಲ್ಲಿವೆ. ಹಾಗಾಗಿ ಇಬ್ಬರೂ ಕೂಡಿ ದುಡಿಯುವ ಪದ್ಧತಿ ಬೆಳೆಯಿತು.

ಅಮೆರಿಕದಲ್ಲಿ 1976ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರ, ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ಕಂಪ್ಯೂಟರ್ ಸೈನ್ಸಸ್ ಕಾರ್ಪೊರೇಷನ್ ಎಂಬ ಕಂಪನಿ ಒಟ್ಟಾಗಿ ಒಂದು ಪ್ರಯೋಗಾಲಯ ತೆರೆದವು. ಉಪಗ್ರಹಗಳಿಗಾಗಿ ಬರೆದ ತಂತ್ರಾಂಶದಲ್ಲಿ ಎಲ್ಲಿ, ಯಾಕೆ ತಪ್ಪಾಗುತ್ತದೆ ಎಂಬುದನ್ನು ಅಲ್ಲಿ ಸುಮಾರು 25 ವರ್ಷ ದಾಖಲಿಸಿದರು. 1984ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್, ಕಂಪನಿಗಳ ಕೆಲಸದ ಗುಣಮಟ್ಟವನ್ನು ಐದು ಹಂತಗಳಲ್ಲಿ ಅಳೆಯುವ ಮಾದರಿ ರೂಪಿಸಿತು. ಬೆಂಗಳೂರಿನ ಮೋಟೊರೋಲಾ ಘಟಕ 1990ರ ದಶಕದಲ್ಲೇ ಐದನೇ ಹಂತ ಮುಟ್ಟಿತು.

ಸಿಂಪ್ಯೂಟರ್: ಕರ್ನಾಟಕದ ದೊಡ್ಡ ಪ್ರಯೋಗ

1998ರ ಅಕ್ಟೋಬರ್‌ನಲ್ಲಿ ಬೆಂಗಳೂರು ಐಟಿ ಮೇಳದ ವೇಳೆ, ಅಭಿವೃದ್ಧಿಶೀಲ ದೇಶಗಳಿಗೆ ಬೇಕಾದ ಮಾಹಿತಿ ತಂತ್ರಜ್ಞಾನದ ಕುರಿತು ವಿಚಾರಸಂಕಿರಣವೊಂದು ನಡೆಯಿತು. ಅದರ ಸಿದ್ಧತೆಯಲ್ಲಿ ಹುಟ್ಟಿದ ಯೋಚನೆಯೇ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಒಂದು ಕಡೆ. ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು ಇನ್ನೊಂದು ಕಡೆ. ಇಬ್ಬರೂ ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು.

ಅಂಗೈಯಲ್ಲಿ ಹಿಡಿಯುವ, ಪರದೆ ಮುಟ್ಟಿ ನಡೆಸುವ, ಲಿನಕ್ಸ್ ಮೇಲೆ ಓಡುವ ಕಂಪ್ಯೂಟರ್ ಅದು. ಒಂದೇ ಯಂತ್ರವನ್ನು ಇಡೀ ಊರು ಹಂಚಿಕೊಳ್ಳಲಿ, ಪ್ರತಿಯೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ ಎಂಬುದು ಲೆಕ್ಕಾಚಾರ. ಓದು ಬಾರದವರಿಗೂ ಯಂತ್ರ ಮಾತಾಡಬೇಕಿತ್ತು. ಅದಕ್ಕಾಗಿ ರಮೇಶ್ ಹರಿಹರನ್ 'ಧ್ವನಿ' ಎಂಬ ತಂತ್ರಾಂಶ ರೂಪಿಸಿದರು. ಧ್ವನಿಯ ಚಿಕ್ಕ ತುಣುಕುಗಳನ್ನು ಜೋಡಿಸಿ ಪಠ್ಯವನ್ನು ಗಟ್ಟಿಯಾಗಿ ಓದುವ ಈ ತಂತ್ರಾಂಶಕ್ಕೆ ಕನ್ನಡವೂ ಬರುತ್ತಿತ್ತು. ಮುಂದೆ ಅದು ಮುಕ್ತ ತಂತ್ರಾಂಶವಾಗಿ ಬೇರೆಯವರ ಕೈಯಲ್ಲೂ ಬೆಳೆಯಿತು.

ನನ್ನ ಮಟ್ಟಿಗೆ ಈ ಯೋಜನೆಯ ಅತಿ ಮುಖ್ಯ ಭಾಗ ಅದರ ಪರವಾನಗಿ. ಯಂತ್ರದ ವಿನ್ಯಾಸವನ್ನು ಟ್ರಸ್ಟ್ ಬಚ್ಚಿಡಲಿಲ್ಲ. ಯಾರು ಬೇಕಾದರೂ ಅದನ್ನು ಸುಧಾರಿಸಬಹುದಿತ್ತು, ಆದರೆ ಸುಧಾರಣೆಯನ್ನು ಗೊತ್ತಾದ ಅವಧಿಯ ನಂತರ ಟ್ರಸ್ಟಿಗೆ ಮರಳಿಸಬೇಕಿತ್ತು. ಕಂಪನಿಗೆ ಲಾಭ, ಸಮಾಜಕ್ಕೆ ಜ್ಞಾನ, ಎರಡಕ್ಕೂ ಇದರಲ್ಲಿ ಜಾಗವಿತ್ತು. ಕೂಡಿ ಮಾಡಿದ ಕೆಲಸದ ಒಡೆತನ ಯಾರದೆಂಬ ಜಗಳದಲ್ಲೇ ಮುರಿದುಬೀಳುವ ಒಪ್ಪಂದಗಳಿಗೆ ಈಗಲೂ ಇದು ಒಳ್ಳೆಯ ಮೇಲ್ಪಂಕ್ತಿ.

ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸ್ಥಾಪಿಸಿದ ಪಿಕೋಪೇಟಾ ಕಂಪನಿ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ 2004ರಲ್ಲಿ 'ಅಮಿಡಾ ಸಿಂಪ್ಯೂಟರ್' ಅನ್ನು ಮಾರುಕಟ್ಟೆಗೆ ತಂದವು. ಬೆಲೆ ಸುಮಾರು 10,000 ರೂಪಾಯಿಯಿಂದ ಶುರು. ಮಾರಾಟ ಕೆಲವೇ ಸಾವಿರದಲ್ಲಿ ನಿಂತಿತು. ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗವಾಗುತ್ತಿತ್ತು. ಹಳ್ಳಿಗೆ ಬೇಕಾದ ಯಂತ್ರವನ್ನು ಸಗಟಾಗಿ ಕೊಳ್ಳಬಲ್ಲವರು ಸರ್ಕಾರಿ ಇಲಾಖೆಗಳೇ. ಅವು ವಿನ್ಯಾಸದ ಮೊದಲ ದಿನದಿಂದ ಪಾಲುದಾರರಾಗಿರಲಿಲ್ಲ. ಸೋಲಿನ ಬೇರು ಅಲ್ಲಿದೆ ಎಂದು ನಾನು ಭಾವಿಸುತ್ತೇನೆ.

ಉತಾರ ಮತ್ತು 'ಭೂಮಿ'

ಆದರೂ ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಸಿಂಪ್ಯೂಟರ್ ಬಳಸಿ ನೋಡಿತು. ಅದೇ ಹೊತ್ತಿಗೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ 'ಭೂಮಿ' ತಂತ್ರಾಂಶ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೇರಿದಂತೆ ಎಲ್ಲ ತಾಲ್ಲೂಕು ಕಚೇರಿಗಳಲ್ಲಿ ಕೈಬರಹದ ಉತಾರ (ಪಹಣಿ) ಹೋಗಿ, 15 ರೂಪಾಯಿಗೆ ಮುದ್ರಿತ ಉತಾರ ಬಂತು. ತಲಾಟಿಯ ಬಳಿಗೆ ಅಲೆಯುವುದು ತಪ್ಪಿತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಗಟ್ಟಿಯಾಗಿ ನಿಂತದ್ದರಿಂದ ತಂತ್ರಾಂಶ ಬಳಕೆಯಲ್ಲಿ ಉಳಿಯಿತು. ಸಿಂಪ್ಯೂಟರಿಗೆ ಸಿಗದ ಬೆಂಬಲ ಇದು.

ಈಚಿನ ಸಹಯೋಗಗಳು

ರಾಜ್ಯ ಸರ್ಕಾರ ಮತ್ತು ಐಟಿ ಉದ್ಯಮ ಸೇರಿ 1999ರಲ್ಲಿ ಕಟ್ಟಿದ ಐಐಐಟಿ ಬೆಂಗಳೂರಿನಲ್ಲಿ 2018ರಿಂದ 'ಮೋಸಿಪ್' ನಡೆಯುತ್ತಿದೆ. ಇದು ಗುರುತಿನ ಚೀಟಿ ವ್ಯವಸ್ಥೆಗೆ ಬೇಕಾದ ಮುಕ್ತ ತಂತ್ರಾಂಶ. ಫಿಲಿಪೀನ್ಸ್, ಮೊರಾಕೊ ಇದನ್ನು ಬಳಸಿಕೊಂಡಿವೆ. ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿದ 'ವಾಣಿ' ಯೋಜನೆ ದೇಶದ ಜಿಲ್ಲೆ ಜಿಲ್ಲೆಯ ಆಡುಮಾತನ್ನು ಧ್ವನಿಮುದ್ರಿಸಿ ಮುಕ್ತವಾಗಿ ಹಂಚುತ್ತಿದೆ.

ಹಾವೇರಿ ಜಿಲ್ಲೆಯಲ್ಲಿ ಏನು ಸಾಧ್ಯ?

ಬೇಕಾದ ಸಂಸ್ಥೆಗಳು ಸುತ್ತಮುತ್ತಲೇ ಇವೆ. ಹಾವೇರಿಯ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಹುಬ್ಬಳ್ಳಿಯಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದಲ್ಲಿ ಐಐಟಿ ಮತ್ತು ಐಐಐಟಿ ಇವೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಮಾತು ಗುರುತಿಸುವ ತಂತ್ರಾಂಶಕ್ಕೆ ಈ ಸೀಮೆಯ ಕನ್ನಡವನ್ನು ಕಲಿಸಲು ಇದಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ಸಂಶೋಧನೆಗೆ ಪ್ರಶ್ನೆಗಳ ಕೊರತೆಯೂ ಇಲ್ಲ. ಬೆಳೆ ಸಮೀಕ್ಷೆಯ ಆ್ಯಪ್ ಹಾನಗಲ್ಲಿನ ಮಾವಿನ ತೋಟದಲ್ಲಿ ಸಿಗ್ನಲ್ ಇಲ್ಲದಾಗ ಏನು ಮಾಡಬೇಕು? ಸವಣೂರಿನ ಎಲೆಬಳ್ಳಿ ಬೆಳೆಗಾರ ಬಾಯಿಮಾತಿನಲ್ಲೇ ವಿವರ ದಾಖಲಿಸಬಹುದೇ? ಹಿರೇಕೆರೂರಿನ ಮೆಕ್ಕೆಜೋಳದ ಹೊಲದಲ್ಲಿ ತಪ್ಪಾಗಿ ನಮೂದಾದ ಬೆಳೆಯನ್ನು ತಂತ್ರಾಂಶ ತಾನೇ ಪತ್ತೆ ಹಚ್ಚಬಹುದೇ?

ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಯೋಜನೆಗಳಿಗೆ ಹಣ ಕೊಡುತ್ತ ಬಂದಿದೆ. ಈ ಜಿಲ್ಲೆಯ ವಿದ್ಯಾರ್ಥಿಗಳೂ ಅಧ್ಯಾಪಕರೂ ವಿಷಯ ಆರಿಸುವ ಮೊದಲು ಒಮ್ಮೆ ತಮ್ಮ ತಾಲ್ಲೂಕು ಕಚೇರಿಗೆ, ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಅಲ್ಲಿನವರನ್ನು ಕೇಳಲಿ.