ಥಾಮಸ್ ಎ. ಡಾರ್ಸಿ (1899–1993): ಬ್ಲೂಸ್‌ನಿಂದ ಗಾಸ್ಪೆಲ್‌ಗೆ

ಅಮೆರಿಕದ ಜಾರ್ಜಿಯಾದಲ್ಲಿ ಬ್ಯಾಪ್ಟಿಸ್ಟ್ ಬೋಧಕರ ಮನೆಯಲ್ಲಿ ಹುಟ್ಟಿದ ಡಾರ್ಸಿ, ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಬ್ಲೂಸ್ ಪಿಯಾನೋ ನುಡಿಸಿ ಪ್ರಸಿದ್ಧರಾದರು. 1924ರಲ್ಲಿ ಗಾಯಕಿ ಮಾ ರೇನಿಗಾಗಿ ವಾದ್ಯತಂಡ ಕಟ್ಟಿದರು.

1932ರ ಆಗಸ್ಟ್‌ನಲ್ಲಿ ಅವರು ಸೇಂಟ್ ಲೂಯಿಸ್‌ನಲ್ಲಿದ್ದಾಗ ಶಿಕಾಗೋದಲ್ಲಿ ಪತ್ನಿ ನೆಟ್ಟಿ ಹೆರಿಗೆಯ ವೇಳೆ ತೀರಿಕೊಂಡರು, ಹಸುಗೂಸೂ ಉಳಿಯಲಿಲ್ಲ. ಆ ದುಃಖದಲ್ಲೇ, ಹಳೆಯ ಸ್ತುತಿಗೀತೆಯೊಂದರ ಧಾಟಿ ಹಿಡಿದು ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’ ಬರೆದರು. ಇಷ್ಟು ನೊಂದೂ ಇಷ್ಟು ನಂಬಿದ ಹಾಡು ವಿರಳ.

ಬ್ಲೂಸ್ ಲಯವನ್ನು ದೇವರ ಹಾಡಿಗೆ, ಅಂದರೆ ಗಾಸ್ಪೆಲ್‌ಗೆ, ತಂದರೆಂದು ಹಲವು ಚರ್ಚ್‌ಗಳು ಮೊದಲು ಅವರನ್ನು ದೂರವಿಟ್ಟವು. ಶಿಕಾಗೋದ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚ್ ಮಾತ್ರ ತನ್ನ ಗಾಯನವೃಂದವನ್ನು ದಶಕಗಳ ಕಾಲ ಅವರ ಕೈಗೊಪ್ಪಿಸಿತು. 1968ರಲ್ಲಿ ನಾಗರಿಕ ಹಕ್ಕುಗಳ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಕ್ರಿಯೆಯ ದಿನ ಗಾಸ್ಪೆಲ್ ಗಾಯಕಿ ಮಹೇಲಿಯಾ ಜಾಕ್ಸನ್ ಹಾಡಿದ್ದು ಡಾರ್ಸಿಯವರ ‘ಪ್ರೆಷಸ್ ಲಾರ್ಡ್’ ಹಾಡನ್ನೇ.