ದಾರಿ ಬಿಡಬೇಕಾದವರು ಯಾರು? ಶಾಲೆಯ ಮುಂದಿನ ಬಿಳಿ ಪಟ್ಟೆಗಳ ಕಥೆ

ರಸ್ತೆ ದಾಟುವುದನ್ನು ನಿಮಗೆ ಯಾರು ಕಲಿಸಿದರು? ಬಹುಮಟ್ಟಿಗೆ ಅಮ್ಮನೋ ಅಜ್ಜನೋ ಕೈಹಿಡಿದು, “ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ ನೋಡು” ಎಂದು ಹೇಳಿಕೊಟ್ಟಿರುತ್ತಾರೆ. ಒಳ್ಳೆಯ ಪಾಠವೇ. ಆದರೆ ಆ ಪಾಠದೊಳಗೆ ಒಂದು ತೀರ್ಮಾನ ಅಡಗಿದೆ. ಎಚ್ಚರ ವಹಿಸಬೇಕಾದವರು ನೀವು. ವಾಹನ ತನ್ನ ಪಾಡಿಗೆ ತಾನು ಬರುತ್ತದೆ. ಈ ತೀರ್ಮಾನ ಯಾವಾಗ ಆಯಿತು? ಮಾಡಿದವರು ಯಾರು? ಶಾಲೆಯ ಮುಂದೆ ಬಳಿದಿರುವ ಬಿಳಿ ಪಟ್ಟೆಗಳ ಇತಿಹಾಸವೆಂದರೆ ಈ ಪ್ರಶ್ನೆಗೆ ಬೇರೆ ಬೇರೆ ದೇಶಗಳು ಕೊಟ್ಟುಕೊಂಡ ಉತ್ತರಗಳ ಇತಿಹಾಸ.

ಮೋಟಾರು ಬರುವ ಮೊದಲು ಊರಿನ ಬೀದಿ ಎಲ್ಲರದಾಗಿತ್ತು. ಎತ್ತಿನ ಗಾಡಿ, ಕುದುರೆ, ತಲೆಹೊರೆಯವರು, ಗೋಲಿ ಆಡುವ ಹುಡುಗರು, ಎಲ್ಲರೂ ಒಂದೇ ಧೂಳಿನಲ್ಲಿ ನಡೆಯುತ್ತಿದ್ದರು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ಕಾರಿಗೆ ಸಿಕ್ಕಿ ಸತ್ತರು. ಬ್ರಿಟನ್ನಿನಲ್ಲಿ ಮೋಟಾರು ಕಾರಿಗೆ ಬಲಿಯಾದ ಮೊದಲ ಪಾದಚಾರಿ ಅವರೇ. ಇಂಥದು ಮತ್ತೊಮ್ಮೆ ಆಗದಿರಲಿ ಎಂದು ವಿಚಾರಣೆ ನಡೆಸಿದ ಅಧಿಕಾರಿ ಹಾರೈಸಿದರಂತೆ. ಆ ಹಾರೈಕೆ ಫಲಿಸಲಿಲ್ಲವೆಂದು ನಿಮಗೆ ಹೇಳಬೇಕಾಗಿಲ್ಲ.

ಅಮೆರಿಕದಲ್ಲಿ ಕಾರುಗಳು ಬೇಗ ಹೆಚ್ಚಿದವು, ಬೀದಿಯಲ್ಲಿ ಸಾಯುವ ಮಕ್ಕಳೂ ಹೆಚ್ಚಿದರು. ಮೊದಮೊದಲು ಜನರ ಸಿಟ್ಟು ಚಾಲಕರ ಮೇಲಿತ್ತು. ಕ್ರಮೇಣ ಆ ಸಿಟ್ಟಿನ ದಿಕ್ಕು ಬದಲಾಯಿತು. ಮೋಟಾರು ಸಂಘಗಳು “ಜೇವಾಕಿಂಗ್” ಎಂಬ ಪದವನ್ನು ಊರೆಲ್ಲ ಹರಡಿದವು. “ಜೇ” ಎಂದರೆ ಪಟ್ಟಣದ ರೀತಿನೀತಿ ತಿಳಿಯದ ಹಳ್ಳಿಗುಗ್ಗು ಎಂದು ಅರ್ಥ. ಸಿಕ್ಕಲ್ಲಿ ರಸ್ತೆ ದಾಟುವವನು ಗುಗ್ಗು ಎಂದಮೇಲೆ ತಪ್ಪು ಯಾರದೆಂಬುದು ಹೆಸರಿನಲ್ಲೇ ತೀರ್ಮಾನವಾಯಿತು! 1925ರಲ್ಲಿ ಲಾಸ್ ಏಂಜಲೀಸ್ ನಗರ ತಂದ ಸಂಚಾರ ಕಾನೂನು ಪಾದಚಾರಿಯನ್ನು ರಸ್ತೆಯ ಅಂಚಿಗೂ ನಿಗದಿತ ದಾಟುಜಾಗಕ್ಕೂ ಸೀಮಿತಗೊಳಿಸಿತು. ಅದಕ್ಕೂ ಮೊದಲೇ, 1920ರಲ್ಲಿ, ಷಿಕಾಗೋ ಮೋಟಾರ್ ಕ್ಲಬ್ಬಿನ ಚಾರ್ಲ್ಸ್ ಹೇಯ್ಸ್ ಎಂಬವರು ಶಾಲಾ ಸುರಕ್ಷಾ ದಳಗಳನ್ನು ಕಟ್ಟಿದ್ದರು. ಎದೆಗೆ ಪಟ್ಟಿ ಧರಿಸಿದ ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ದಾಟಿಸುವ ಏರ್ಪಾಡು ಅದು. ಇದರಿಂದ ಅನೇಕ ಜೀವಗಳು ಉಳಿದವು, ಸಂದೇಹವಿಲ್ಲ. ಆದರೆ ಆ ದಳದ ಮಕ್ಕಳ ಕೆಲಸ ವಾಹನಗಳನ್ನು ನಿಲ್ಲಿಸುವುದಲ್ಲ, ಮಕ್ಕಳನ್ನು ತಡೆದು ನಿಲ್ಲಿಸುವುದು.

ಬ್ರಿಟನ್ನಿನ ಕಥೆ ಇನ್ನೊಂದು ಬಗೆಯದು. ಅಲ್ಲಿ 1930ರ ಕಾನೂನು, ಕಾರುಗಳಿಗಿದ್ದ ಗಂಟೆಗೆ 20 ಮೈಲಿಯ ವೇಗಮಿತಿಯನ್ನೇ ತೆಗೆದುಹಾಕಿತು. 1934ರಲ್ಲಿ ರಸ್ತೆಗಳಲ್ಲಿ ಸತ್ತವರು 7,343 ಮಂದಿ. ಅವರಲ್ಲಿ ಸುಮಾರು ಅರ್ಧದಷ್ಟು ಜನ ಪಾದಚಾರಿಗಳು. ಆ ವರ್ಷ ಸಾರಿಗೆ ಸಚಿವರಾಗಿ ಬಂದವರು ಲೆಸ್ಲಿ ಹೋರ್-ಬೆಲಿಷಾ. ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಲಂಡನ್ನಿನ ಕ್ಯಾಮ್ಡನ್ ಬೀದಿಯನ್ನು ದಾಟುತ್ತಿದ್ದ ಸಚಿವರೇ ವೇಗದ ಕಾರೊಂದರಿಂದ ಕೂದಲೆಳೆಯಲ್ಲಿ ಪಾರಾದರು ಎಂಬ ಸಂಗತಿ ಪ್ರಸಿದ್ಧವಾಗಿದೆ. ದಾಟುಜಾಗಗಳ ಎರಡೂ ಬದಿಗೆ ಕಪ್ಪುಬಿಳುಪು ಬಣ್ಣದ ಕಂಬ ನೆಟ್ಟು, ತುದಿಯಲ್ಲಿ ಕಿತ್ತಳೆ ಬಣ್ಣದ ಗೋಳ ಕೂರಿಸಿದರು. ಅವಕ್ಕೆ ಸಚಿವರ ಹೆಸರೇ ಬಂದು “ಬೆಲಿಷಾ ದೀಪ”ಗಳಾದವು. ಮೊದಲ ಗೋಳಗಳು ಗಾಜಿನವು. ಕಲ್ಲೆಸೆದು ಗುರಿ ಪರೀಕ್ಷಿಸುವ ಹುಡುಗರು ಎಲ್ಲ ದೇಶದಲ್ಲೂ ಇದ್ದಾರಲ್ಲ, ಬಹಳಷ್ಟು ಗೋಳಗಳು ಒಡೆದುಹೋದವು. 1935ರ ಮಾರ್ಚಿನಲ್ಲಿ ಜನವಸತಿಯ ರಸ್ತೆಗಳಿಗೆ 30 ಮೈಲಿಯ ವೇಗಮಿತಿ ಬಂತು, ಅದೇ ವರ್ಷ ಹೊಸ ಚಾಲಕರಿಗೆ ಪರೀಕ್ಷೆಯೂ ಕಡ್ಡಾಯವಾಯಿತು.

ಆದರೂ ಒಂದು ತೊಡಕು ಉಳಿಯಿತು. ದಾಟುಜಾಗದ ಗಡಿಯನ್ನು ನೆಲದಲ್ಲಿ ಲೋಹದ ಗುಬ್ಬಿಗಳ ಸಾಲಿನಿಂದ ಗುರುತಿಸಿದ್ದರು. ನಡೆಯುವವನಿಗೆ ಅದು ಚೆನ್ನಾಗಿ ಕಾಣುತ್ತದೆ, ಏಕೆಂದರೆ ಅವನು ಅದರ ಮೇಲೆಯೇ ನಿಂತಿರುತ್ತಾನೆ. ದೂರದಿಂದ, ತಗ್ಗಿನಲ್ಲಿ ಕುಳಿತು ಬರುವ ಚಾಲಕನಿಗೆ ಅದು ಕಾಣುವುದೇ ಇಲ್ಲ. ಕ್ಯಾಮೆರಾ ಹಿಡಿದು ಕೆಲಸ ಮಾಡುವ ನಮ್ಮಂಥವರಿಗೆ ಇದು ದಿನನಿತ್ಯದ ಅನುಭವ. ಕ್ಯಾಮೆರಾವನ್ನು ಕೆಳಗಿಳಿಸಿದಂತೆಲ್ಲ ನೆಲದ ಮೇಲಿನ ಗುರುತುಗಳು ಚಪ್ಪಟೆಯಾಗಿ ಮಾಯವಾಗುತ್ತವೆ. ಹಾಗಾಗಿ ಎರಡನೇ ಮಹಾಯುದ್ಧದ ನಂತರ ಅಲ್ಲಿನ ರಸ್ತೆ ಸಂಶೋಧನಾ ಪ್ರಯೋಗಾಲಯ ಚಾಲಕನ ಕಣ್ಣಿನಿಂದ ನೋಡತೊಡಗಿತು. ಬೇರೆ ಬೇರೆ ಬಣ್ಣದ ಪಟ್ಟೆಗಳನ್ನು ಪರೀಕ್ಷಿಸಿ, 1949ರಲ್ಲಿ ಸುಮಾರು ಸಾವಿರ ಕಡೆ ಪ್ರಯೋಗ ಮಾಡಿದರು. ಈ ಕೆಲಸದಲ್ಲಿ ಮುಂದಿದ್ದ ಜಾರ್ಜ್ ಚಾರ್ಲ್ಸ್‌ವರ್ತ್ ಅವರಿಗೆ “ಡಾಕ್ಟರ್ ಜೀಬ್ರಾ” ಎಂಬ ಅಡ್ಡಹೆಸರೇ ಅಂಟಿಕೊಂಡಿತು. ಕಪ್ಪು ನೆಲದ ಮೇಲೆ ಅಗಲವಾದ ಬಿಳಿ ಪಟ್ಟೆಗಳೇ ಕಣ್ಣಿಗೆ ಹೊಡೆಯುತ್ತವೆ ಎಂದಾಯಿತು. 1951ರ ಅಕ್ಟೋಬರ್ 31ರಂದು ಸ್ಲೌ ಪಟ್ಟಣದ ಹೈಸ್ಟ್ರೀಟಿನಲ್ಲಿ ಕಾನೂನಿನ ಬಲವುಳ್ಳ ಮೊದಲ ಜೀಬ್ರಾ ಕ್ರಾಸಿಂಗ್ ಬಂದಿತು.

ಕಾನೂನಿನ ಬಲ ಎಂಬ ಮಾತನ್ನು ಗಮನಿಸಿ. ಪಾದಚಾರಿ ಪಟ್ಟೆಯ ಮೇಲೆ ಕಾಲಿಟ್ಟ ಕ್ಷಣದಿಂದ ದಾರಿ ಅವನದು, ನಿಲ್ಲಬೇಕಾದದ್ದು ವಾಹನ. ಬಣ್ಣ ಆ ನಿಯಮದ ಗುರುತು ಮಾತ್ರ. ನಿಯಮವನ್ನು ಮರೆತು ಬಣ್ಣವನ್ನು ಮಾತ್ರ ಎರವಲು ತಂದರೆ ಏನಾಗುತ್ತದೆಂದು ನಮ್ಮ ಯಾವ ಪೇಟೆಯಲ್ಲಾದರೂ ನೀವು ನೋಡಬಹುದು. ಸಿಗ್ನಲ್ಲಿನಲ್ಲಿ ಸ್ಕೂಟರುಗಳು ಸಾಲಾಗಿ ನಿಲ್ಲುವ ಜಾಗವೇ ಅದು.

ಮಕ್ಕಳ ವಿಷಯದಲ್ಲಿ ಬ್ರಿಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಶಾಲೆಯ ಮುಂದೆ ಮಕ್ಕಳನ್ನು ದಾಟಿಸುವ ಕೆಲಸ ಪೊಲೀಸರದಾಗಿತ್ತು. ಪೊಲೀಸರು ಸಾಲದಾದಾಗ ಅದನ್ನು ಸಾಮಾನ್ಯ ನಾಗರಿಕರಿಗೆ ವಹಿಸಿದರು. 1953ರಲ್ಲಿ ಪಾರ್ಲಿಮೆಂಟು ಇದಕ್ಕೆಂದೇ ಒಂದು ಕಾಯಿದೆ ಮಾಡಿತು, 1954ರ ಜುಲೈಯಲ್ಲಿ ಅದು ಜಾರಿಗೆ ಬಂತು. ನಿವೃತ್ತರು, ಗೃಹಿಣಿಯರು ಕೈಯಲ್ಲಿ ಫಲಕ ಹಿಡಿದು ರಸ್ತೆಯ ನಡುವೆ ನಿಂತರೆ ಲಾರಿಯೇ ಬರಲಿ, ನಿಲ್ಲಲೇಬೇಕು; ನಿಲ್ಲದಿದ್ದರೆ ಅಪರಾಧ. ಮುಂದೆ ಕೋಲಿನ ತುದಿಯ ಫಲಕ ದುಂಡಗಾಯಿತು. ಅದನ್ನು ಕಂಡ ಮಕ್ಕಳಿಗೆ ಕಡ್ಡಿಯ ಮೇಲಿನ ಮಿಠಾಯಿ ನೆನಪಾಗದೆ ಇರುತ್ತದೆಯೇ? “ಲಾಲಿಪಾಪ್” ಎಂಬ ಹೆಸರು ನಿಂತುಹೋಯಿತು. ಖರ್ಚು ಕಡಿಮೆಯ, ಯಂತ್ರವಿಲ್ಲದ ಈ ಏರ್ಪಾಡು ಇಡೀ ಕಥೆಯಲ್ಲೇ ಅತ್ಯಂತ ಬುದ್ಧಿವಂತಿಕೆಯದು ಎಂದು ನನ್ನ ಅಭಿಪ್ರಾಯ. ಒಬ್ಬ ಅಜ್ಜಿಗೆ ಕಾನೂನು ತನ್ನ ಅಧಿಕಾರವನ್ನು ಕೋಲಿನ ರೂಪದಲ್ಲಿ ಕೊಟ್ಟಿತು, ಅಷ್ಟೆ.

ಇದೇ ಕಾಲದಲ್ಲಿ ಮಕ್ಕಳಿಗೆ ಪಾಠ ಹೇಳುವುದೂ ನಡೆದಿತ್ತು. ಟಫ್ಟಿ ಎಂಬ ಅಳಿಲಿನ ಪಾತ್ರ 1953ರಲ್ಲಿ ಹುಟ್ಟಿ, 1961ರಲ್ಲಿ ಅದರ ಹೆಸರಿನ ಮಕ್ಕಳ ಕ್ಲಬ್ಬೂ ಆಯಿತು. 1970ರ ದಶಕದಲ್ಲಿ ಟೆಲಿವಿಷನ್ನಿನಲ್ಲಿ “ಗ್ರೀನ್ ಕ್ರಾಸ್” ನಿಯಮಗಳನ್ನು ಹೇಳಿಕೊಡುವ ವೀರನಾಗಿ ಕಾಣಿಸಿಕೊಂಡವರು ಡೇವಿಡ್ ಪ್ರೌಸ್. “ಸ್ಟಾರ್ ವಾರ್ಸ್” ಚಿತ್ರದಲ್ಲಿ ಡಾರ್ತ್ ವೇಡರನ ಕಪ್ಪು ಉಡುಪಿನೊಳಗೆ ಇದ್ದದ್ದೂ ಇವರೇ! ಟೆಲಿವಿಷನ್ನಿಗೆ ಮಕ್ಕಳಿಗೆ ಬುದ್ಧಿ ಹೇಳುವುದು ಸುಲಭ, ಚಾಲಕರಿಗೆ ಹೇಳುವುದು ಕಷ್ಟ. ನಮ್ಮ ಕಸುಬಿನ ಈ ದೌರ್ಬಲ್ಯ ಎಲ್ಲ ದೇಶಗಳಲ್ಲೂ ಒಂದೇ.

ಪಾಠ ಎಷ್ಟರಮಟ್ಟಿಗೆ ಕಾಪಾಡುತ್ತದೆ? ಸ್ವೀಡನ್ನಿನ ಮನಶ್ಶಾಸ್ತ್ರಜ್ಞೆ ಸ್ಟೀನಾ ಸಾಂಡೆಲ್ಸ್ 1960ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದರು. ಚಿಕ್ಕ ಮಕ್ಕಳಿಗೆ ಬರುವ ವಾಹನದ ವೇಗವನ್ನು ಅಂದಾಜು ಮಾಡುವುದು, ಶಬ್ದ ಬಂದ ದಿಕ್ಕನ್ನು ತಿಳಿಯುವುದು, ಹಲವು ಸಂಗತಿಗಳ ಮೇಲೆ ಒಟ್ಟಿಗೆ ಗಮನವಿಡುವುದು ದೊಡ್ಡವರಷ್ಟು ಸಾಧ್ಯವಿಲ್ಲ. ನಿಯಮವನ್ನು ಬಾಯಿಪಾಠ ಒಪ್ಪಿಸಿದ ಮಗುವೇ ಗೆಳೆಯನನ್ನು ಎದುರು ಬದಿಯಲ್ಲಿ ಕಂಡೊಡನೆ ಓಡಿಬಿಡುತ್ತದೆ. ಆದ್ದರಿಂದ ಮಗುವನ್ನು ಸಂಚಾರಕ್ಕೆ ಪೂರ್ತಿಯಾಗಿ ಒಗ್ಗಿಸಲಾಗದು, ಸಂಚಾರವನ್ನೇ ಮಗುವಿಗೆ ಒಗ್ಗಿಸಬೇಕು ಎಂಬುದು ಅವರ ಅಧ್ಯಯನದ ಸಾರ.

ಇದನ್ನು ಬೀದಿಗೆ ತಂದವರು ನೆದರ್‌ಲ್ಯಾಂಡ್ಸಿನ ತಂದೆತಾಯಿಗಳು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹೋಫ್ 1972ರಲ್ಲಿ ಬರೆದ ಲೇಖನದ ಕರೆಯೇ ಚಳವಳಿಯ ಹೆಸರಾಯಿತು: “ಮಕ್ಕಳ ಕೊಲೆ ನಿಲ್ಲಿಸಿ”. “ಅಪಘಾತ” ಎನ್ನದೆ “ಕೊಲೆ” ಎಂದದ್ದು ಅನೇಕರಿಗೆ ಒರಟಾಗಿ ಕೇಳಿಸಿರಬೇಕು. ಜನ ಬೀದಿಗಳನ್ನು ಅಡ್ಡಗಟ್ಟಿದರು, ಮಕ್ಕಳು ಅಲ್ಲೇ ಆಡಿದರು. ಡೆಲ್ಫ್ಟ್ ನಗರದಲ್ಲಿ ಆಗಲೇ ಬೀದಿಯನ್ನು ಅಂಕುಡೊಂಕು ಮಾಡಿ, ಮರ ಬೆಂಚುಗಳನ್ನಿಟ್ಟು, ವಾಹನ ನಿಧಾನವಾಗಿ ಹೋಗದೆ ವಿಧಿಯೇ ಇಲ್ಲದಂತೆ ಮಾಡುವ ಪ್ರಯೋಗ ನಡೆದಿತ್ತು. 1976ರಲ್ಲಿ ಇಂಥ ಬೀದಿಗಳಿಗೆ ಕಾನೂನಿನ ಮಾನ್ಯತೆ ದೊರೆಯಿತು.

ನಿಧಾನ ಏಕೆ ಇಷ್ಟು ಮುಖ್ಯ? ನೀವೇ ಲೆಕ್ಕ ಹಾಕಿ. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 8.3 ಮೀಟರ್, 50 ಎಂದರೆ ಸುಮಾರು 13.9. ಚಾಲಕ ಮಗುವನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡು ಬೇಕೆನ್ನಿ. ಒಣ ರಸ್ತೆಯಲ್ಲಿ ಬ್ರೇಕು ಪ್ರತಿ ಸೆಕೆಂಡಿಗೆ ವೇಗವನ್ನು 7 ಮೀಟರಿನಷ್ಟು ಇಳಿಸುತ್ತದೆನ್ನಿ. ವೇಗದ ವರ್ಗವನ್ನು 14ರಿಂದ ಭಾಗಿಸಿದರೆ ಬ್ರೇಕಿನ ದೂರ ಸಿಗುತ್ತದೆ. 30ರ ವಾಹನ ಒಟ್ಟು 13 ಮೀಟರು ಚಿಲ್ಲರೆಯಲ್ಲಿ ನಿಲ್ಲುತ್ತದೆ. ಅದು ನಿಂತ ಜಾಗಕ್ಕೆ 50ರ ವಾಹನ ಬಂದಾಗ ಅದರ ಚಾಲಕನ ಕಾಲು ಇನ್ನೂ ಬ್ರೇಕನ್ನು ಮುಟ್ಟಿರುವುದೇ ಇಲ್ಲ! ಅಂದರೆ ಒಂದೇ ಮಗು, ಒಂದೇ ದೂರ. ಒಂದು ವಾಹನ ಮಗುವಿನ ಮುಂದೆ ನಿಂತಿದೆ, ಇನ್ನೊಂದು ಪೂರ್ಣ ವೇಗದಲ್ಲಿ ಬಂದು ಹೊಡೆದಿದೆ.

ಈಗ ನಮ್ಮ ದೇಶಕ್ಕೆ ಬರೋಣ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಪಾದಚಾರಿಗಳೇ 32,825. ಪಟ್ಟೆಯ ಮೇಲೆ ಪಾದಚಾರಿಗೆ ದಾರಿ ಬಿಡಬೇಕೆಂದು 2017ರ ಚಾಲನಾ ನಿಯಮಾವಳಿಯೂ ಹೇಳುತ್ತದೆ. ರಸ್ತೆ ನಿರ್ಮಾಣದ ಮಾನದಂಡಗಳನ್ನು ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಸ್ಥಾಪನೆಯಾದದ್ದು 1934ರಲ್ಲಿ, ಬೆಲಿಷಾ ದೀಪಗಳು ಹುಟ್ಟಿದ ವರ್ಷವೇ. 1988ರಲ್ಲಿ ಅದು 5ರಿಂದ 12 ವಯಸ್ಸಿನ ಮಕ್ಕಳ ರಸ್ತೆ ಸುರಕ್ಷತೆಗೆಂದೇ ಒಂದು ಪ್ರಕಟಣೆ ತಂದಿತು. ಪಾದಚಾರಿಗಳ ಬಗೆಗಿನ ಅದರ ಮಾರ್ಗಸೂಚಿಯಲ್ಲಿ ಬ್ರಿಟನ್ನಿನಿಂದ ಬಂದ ಒಂದು ಸೂತ್ರವಿದೆ: ಪಿವಿ². ಪಿ ಎಂದರೆ ಗಂಟೆಗೆ ದಾಟುವ ಜನ, ವಿ ಎಂದರೆ ಗಂಟೆಗೆ ಹಾಯುವ ವಾಹನ. ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ, ದಟ್ಟಣೆಯ ನಾಲ್ಕು ಗಂಟೆಗಳ ಸರಾಸರಿಯಂತೆ ಈ ಗುಣಲಬ್ಧ ಹತ್ತು ಕೋಟಿ ಮೀರಿದರೆ, ವಾಹನಗಳನ್ನು ತಡೆದು ಜನರನ್ನು ದಾಟಿಸುವ ವ್ಯವಸ್ಥೆ ಬೇಕು ಎಂದರ್ಥ.

ಹೆದ್ದಾರಿ ಬದಿಯ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳಿ. ರಸ್ತೆ ದಾಟಬೇಕಾದ ಮಕ್ಕಳು 120. ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ, ಒಟ್ಟು 240 ಬಾರಿ ದಾಟುತ್ತಾರೆ. ನಾಲ್ಕು ಗಂಟೆಗಳಿಗೆ ಹಂಚಿದರೆ ಗಂಟೆಗೆ 60. ವಾಹನ ಗಂಟೆಗೆ 1,000 ಎಂದರೆ ಗುಣಲಬ್ಧ ಆರು ಕೋಟಿ. ಸೂತ್ರವನ್ನೇ ನೆಚ್ಚಿ ಕೂತರೆ ಆ ಶಾಲೆಗೆ ಏನೂ ಸಿಗುವುದಿಲ್ಲ! ಗಂಟೆ ಬಾರಿಸಿದಾಗ ಒಮ್ಮೆಲೇ ನುಗ್ಗುವ ಗುಂಪನ್ನು ಸರಾಸರಿ ಅಳಿಸಿಹಾಕಿತು. ಇನ್ನೂ ವಿಚಿತ್ರವೆಂದರೆ, ರಸ್ತೆ ಎಷ್ಟು ಭಯಂಕರವಾಗಿದೆಯೆಂದರೆ ತಂದೆತಾಯಿಗಳು ಮಕ್ಕಳನ್ನು ನಡೆದು ಕಳಿಸುವುದನ್ನೇ ಬಿಟ್ಟರು ಎನ್ನಿ. ಆಗ ಪಿ ಸೊನ್ನೆ. ವಾಹನ ಲಕ್ಷವಿರಲಿ, ಸೊನ್ನೆಯಿಂದ ಗುಣಿಸಿದರೆ ಉತ್ತರ ಸೊನ್ನೆ.

ನಿಮ್ಮ ಶಾಲೆಯ ಗೇಟಿನ ಬಳಿ ಈ ಎಣಿಕೆಯನ್ನು ನೀವೇ ಮಾಡಬಹುದು. ನಾಲ್ವರು ಗೆಳೆಯರು, ಒಬ್ಬ ಮೇಷ್ಟ್ರು, ಒಂದು ಗಡಿಯಾರ ಸಾಕು. ಕಾಂಪೌಂಡಿನ ಒಳಗೇ ನಿಂತು ಎಣಿಸಿ. ಗಂಟೆಯ ಬದಲು ಐದೈದು ನಿಮಿಷಕ್ಕೆ ಗೆರೆ ಎಳೆಯಿರಿ, ಆಗ ನುಗ್ಗುವ ಹೊತ್ತು ಹಾಳೆಯ ಮೇಲೆ ಎದ್ದು ಕಾಣುತ್ತದೆ. ಹಾಳೆಯನ್ನು ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ರಸ್ತೆ ಯಾರದೋ ಅವರಿಗೆ, ಎಂದರೆ ನಗರಸಭೆಗೋ ಲೋಕೋಪಯೋಗಿ ಇಲಾಖೆಗೋ ಹೆದ್ದಾರಿ ಪ್ರಾಧಿಕಾರಕ್ಕೋ ಕೊಟ್ಟು, ಪ್ರತಿಯೊಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೊನೆಯಲ್ಲಿ ಒಂದು ಕಾಲಂ ಹೆಚ್ಚಿಗೆ ಇರಲಿ. ದಾಟಲು ಬಂದು, ಎರಡು ಹೆಜ್ಜೆ ಇಟ್ಟು, ಹಿಂದಕ್ಕೆ ಸರಿದು ನಿಂತವರು ಎಷ್ಟು ಮಂದಿ ಎಂಬುದನ್ನು ಅಲ್ಲಿ ಬರೆಯಿರಿ.